ರಿಯೂನಿಯನ್ ದ್ವೀಪದಲ್ಲಿ ಏಳು ದಿನ: ಒಂಬತ್ತನೆಯ ತರಗತಿಗೊಂದು ಯೋಜನಾ ಪಾಠ

ತರಗತಿ: 9
ವಿಷಯ: ಗಣಿತ ಮತ್ತು ವಿಜ್ಞಾನ (ಭೂಗೋಳದೊಂದಿಗೆ ಸಮನ್ವಯ)
ಅವಧಿ: ತಲಾ 40 ನಿಮಿಷದ ನಾಲ್ಕು
ವಿಧಾನ: ಯೋಜನಾ ವಿಧಾನ, ಆರು ಗುಂಪುಗಳಲ್ಲಿ
ಪೂರ್ವಜ್ಞಾನ: ಎಂಟನೆಯ ತರಗತಿಯ ಶಿಲಾಗೋಳ ಮತ್ತು ವಾಯುಗೋಳ, ಕರ್ನಾಟಕದ ಮಣ್ಣು, ವಾಯುಗುಣ, ವೇಗ, ಅನುಪಾತ, ಸಾಂದ್ರತೆ
ಬೋಧನೋಪಕರಣಗಳು: ಡ್ರಾಯಿಂಗ್ ಹಾಳೆಯಲ್ಲಿ ಕೈಯಿಂದ ಬರೆದ ದ್ವೀಪದ ನಕ್ಷೆ, ಪ್ರತಿ ಗುಂಪಿಗೆ ಅದರ ಚಿಕ್ಕ ಪ್ರತಿ, ಹೊಲಿಗೆ ದಾರ, ಅಳತೆಪಟ್ಟಿ, ಭೂಗೋಲ, ಬೆಲ್ಲದ ಪಾಕ, ಗಂಜಿ, ಹೊಲದ ಕಲ್ಲು

ಯೋಜನಾ ವಿಧಾನ ಎಂದ ಕೂಡಲೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಥರ್ಮೊಕೋಲಿನ ಮಾದರಿ ಮತ್ತು ಬಣ್ಣದ ಚಾರ್ಟು. ಕಿಲ್‌ಪ್ಯಾಟ್ರಿಕ್ 1918ರಲ್ಲಿ ಹೇಳಿದ ನಾಲ್ಕು ಹಂತಗಳನ್ನು, ಅಂದರೆ ಉದ್ದೇಶ, ಯೋಜನೆ, ಕಾರ್ಯಗತಗೊಳಿಸುವಿಕೆ, ಮೌಲ್ಯನಿರ್ಣಯ ಇವನ್ನು, ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ತರಗತಿಯಲ್ಲಿ ಮಾತ್ರ ಮೂರನೆಯ ಹಂತವೇ ಎಲ್ಲವನ್ನೂ ನುಂಗುತ್ತದೆ: ಅಂಟು, ಕತ್ತರಿ, ಸ್ಕೆಚ್ ಪೆನ್ನು. ಎರಡನೆಯ ಹಂತವೊಂದನ್ನೇ ಇಡೀ ಪಾಠವಾಗಿಸಿದರೆ ಏನಾಗುತ್ತದೆ ಎಂದು ನೋಡಬೇಕೆನಿಸಿತು. ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ಕಟ್ಟುವುದಿಲ್ಲ. ಒಂದು ಪ್ರವಾಸವನ್ನು ಯೋಜಿಸುವುದು ಅಷ್ಟೇ. ಆದರೆ ಪ್ರತಿಯೊಂದು ನಿರ್ಧಾರಕ್ಕೂ ಕಾರಣ ಕೊಡಲೇಬೇಕು.

ಅದಕ್ಕಾಗಿ ಪ್ರತಿ ಗುಂಪಿಗೆ ನಾಲ್ಕು ಕಂಬಗಳ ಒಂದು ಹಾಳೆ ಕೊಟ್ಟೆ: ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ತಾಸು, ಏಕೆಂದರೆ. ಖರ್ಚಿನ ಕಂಬವನ್ನು ಬೇಕೆಂದೇ ಬಿಟ್ಟಿದ್ದೆ. ವಿಜಯಪುರ ಜಿಲ್ಲೆಯ ಈ ಸರ್ಕಾರಿ ಪ್ರೌಢಶಾಲೆಯ ಮಕ್ಕಳಲ್ಲಿ ಹಲವರ ತಂದೆತಾಯಿ ಸುಗ್ಗಿ ಮುಗಿದ ಮೇಲೆ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುತ್ತಾರೆ. ವಿಮಾನದ ಟಿಕೆಟಿನ ದರ ಕಪ್ಪುಹಲಗೆಯ ಮೇಲೆ ಬಂದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ‘ಏಕೆಂದರೆ’ ಎಂಬ ಕಂಬ ಹಣದ ಜಾಗದಲ್ಲಿ ಕುಳಿತಿತು.

ಈ ದ್ವೀಪವೇ ಏಕೆ

ರಿಯೂನಿಯನ್ ಹಿಂದೂ ಮಹಾಸಾಗರದಲ್ಲಿದೆ; ಮಡಗಾಸ್ಕರಿನಿಂದ ಪೂರ್ವಕ್ಕೆ ಸುಮಾರು 700 ಕಿ.ಮೀ., ಮಾರಿಷಸ್‌ನಿಂದ ನೈಋತ್ಯಕ್ಕೆ ಸುಮಾರು 200 ಕಿ.ಮೀ. ಅಕ್ಷಾಂಶ 21° ದಕ್ಷಿಣ, ರೇಖಾಂಶ 55.5° ಪೂರ್ವ. 1946ರಿಂದ ಫ್ರಾನ್ಸ್ ದೇಶದ ಸಾಗರೋತ್ತರ ಆಡಳಿತ ವಿಭಾಗ. ವಿಸ್ತೀರ್ಣ 2,512 ಚ.ಕಿ.ಮೀ., ಅಂದರೆ ವಿಜಯಪುರ ಜಿಲ್ಲೆಯ ಸುಮಾರು ನಾಲ್ಕನೇ ಒಂದು ಭಾಗ. ಇಷ್ಟು ಚಿಕ್ಕ ನೆಲದ ಮೇಲೆ ಎರಡು ಜ್ವಾಲಾಮುಖಿ ಪರ್ವತಗಳಿವೆ. ಆರಿ ತಣ್ಣಗಾಗಿರುವ ಪಿತೋ ದೆ ನೇಜ್ 3,070 ಮೀ. ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರದ ನೂರು ಮೀಟರಿಗೂ ಹೆಚ್ಚು. ಇನ್ನೊಂದು, ಆಗ್ನೇಯದ ಪಿತೋ ದ ಲಾ ಫೂರ್ನೇಸ್, ಸುಮಾರು 2,630 ಮೀ.; ಇಂದಿಗೂ ಉಕ್ಕುತ್ತಿರುವ, ಜಗತ್ತಿನ ಅತ್ಯಂತ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದು. (ಫ್ರೆಂಚ್ ಹೆಸರುಗಳನ್ನು ಮಕ್ಕಳು ತಮಗೆ ಬಂದಂತೆ ಉಚ್ಚರಿಸಿದರು. ಎರಡನೆಯ ದಿನಕ್ಕೆ ಅವು ‘ನೇಜಪ್ಪ’ ಮತ್ತು ‘ಫೂರ್ನಪ್ಪ’ ಆಗಿದ್ದವು. ನಾನು ತಿದ್ದಲು ಹೋಗಲಿಲ್ಲ.)

ಹವಾಯಿ, ಬಾಲಿ ಇವುಗಳನ್ನೂ ಆರಿಸಬಹುದಿತ್ತು. ರಿಯೂನಿಯನ್ನನ್ನು ಆರಿಸಲು ನನಗಿದ್ದ ಕಾರಣ ಶಾಲೆಯ ಹಿಂದಿನ ಎರೆಹೊಲದಲ್ಲಿತ್ತು. ಅದನ್ನು ಮಕ್ಕಳಿಗೆ ನಾಲ್ಕನೆಯ ಅವಧಿಯವರೆಗೆ ಹೇಳಲಿಲ್ಲ.

ಮೊದಲ ಅವಧಿ: ಯಾವ ರಜೆ, ಯಾವ ದಿಕ್ಕು, ಯಾವ ಬಟ್ಟೆ

ಪೀಠಿಕೆ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಟೀಚರ್, ನಮಗ ಹೋಗಾಕ ಆಗೂದಿಲ್ಲಲ್ರಿ, ಮತ್ತ ಯಾಕ ಪ್ಲಾನ್ ಮಾಡೂದು?” ಚಂದ್ರಯಾನದ ದಾರಿ ಲೆಕ್ಕ ಹಾಕಿದವರು ಯಾರೂ ಚಂದ್ರನಿಗೆ ಹೋಗಿಲ್ಲವಲ್ಲ ಎಂದೆ. ತರಗತಿ ನಕ್ಕಿತು. ಆದರೆ ಆ ಉತ್ತರ ಆ ಕ್ಷಣಕ್ಕೆ ಸಾಲುವಂಥದ್ದೇ ಹೊರತು ಪೂರ್ತಿ ಉತ್ತರವಲ್ಲ. ಪೂರ್ತಿ ಉತ್ತರ ಮರುದಿನ ಇನ್ನೊಬ್ಬ ಹುಡುಗನಿಂದ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ನಿರ್ಧಾರ: ಬೇಸಿಗೆ ರಜೆಯಲ್ಲಿ ಹೋಗುವುದೋ ದಸರಾ ರಜೆಯಲ್ಲೋ? ಎಲ್ಲ ಆರು ಗುಂಪುಗಳೂ ಬೇಸಿಗೆ ರಜೆ ಎಂದವು, ಅದು ಉದ್ದ ಇರುವುದರಿಂದ. ಭೂಗೋಲವನ್ನು ಮುಂದಿಟ್ಟು, ದ್ವೀಪ ಸಮಭಾಜಕ ವೃತ್ತದ ಆಚೆಗಿದೆ ಎಂದು ತೋರಿಸಿದೆ. ಅಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಸೆಕೆ, ಮಳೆ, ಚಂಡಮಾರುತ. ಏಪ್ರಿಲ್ ಅದರ ಬಾಲ. ಮೇ ತಿಂಗಳಿಂದ ನವೆಂಬರ್‌ವರೆಗೆ ಒಣ ಹವೆ. ಹಾಗಾದರೆ ಮೇ ಆಗಬಹುದಲ್ಲ ಎಂದು ಒಂದು ಗುಂಪು ಪಟ್ಟು ಹಿಡಿಯಿತು. ಆಗಬಹುದು, ತಪ್ಪೇನಿಲ್ಲ. ಆದರೆ ಮೇ ತಿಂಗಳಲ್ಲಿ ದಕ್ಷಿಣಾರ್ಧಗೋಳದ ಹಗಲು ಕುಗ್ಗುತ್ತಿರುತ್ತದೆ. ಆ ಅಕ್ಷಾಂಶದಲ್ಲಿ ಮೇ ನಡುವಿನ ಹಗಲಿಗಿಂತ ಅಕ್ಟೋಬರ್ ನಡುವಿನ ಹಗಲು ಸುಮಾರು ಒಂದು ತಾಸು 25 ನಿಮಿಷ ಉದ್ದ. ಏಳು ದಿನಕ್ಕೆ ಗುಣಿಸಿದರೆ ಹತ್ತು ತಾಸಿಗೆ ಹತ್ತಿರ. ನೋಡಲು ಹೋಗುವವರಿಗೆ ಬೆಳಕೇ ಬಂಡವಾಳ. ಐದು ಗುಂಪುಗಳು ದಸರಾ ರಜೆಗೆ ಬದಲಾದವು. ಆರನೆಯದು ಮೇ ಎಂದೇ ಉಳಿಯಿತು. ದಸರಾ ಹಬ್ಬ ಮನೆಯಲ್ಲೇ ಆಗಬೇಕು ಎಂಬುದು ಅವರು ಬರೆದ ‘ಏಕೆಂದರೆ’. ಅದಕ್ಕೂ ಅಂಕ ಕೊಟ್ಟೆ.

ಗಡಿಯಾರದ ಲೆಕ್ಕ ಬೇಗ ಮುಗಿಯಿತು. ಭಾರತದ ಕಾಲ 82.5° ರೇಖಾಂಶದ್ದು, ರಿಯೂನಿಯನ್ನಿನದು 60°ಯದು. ವ್ಯತ್ಯಾಸ 22.5°, ಡಿಗ್ರಿಗೆ 4 ನಿಮಿಷದಂತೆ 90 ನಿಮಿಷ. ನಮ್ಮಲ್ಲಿ ಬೆಳಗಿನ ಪ್ರಾರ್ಥನೆಯ ಹತ್ತು ಗಂಟೆಯಾದರೆ ಅಲ್ಲಿ ಎಂಟೂವರೆ.

ಹೆಚ್ಚು ಹೊತ್ತು ನಿಂತದ್ದು ಮಳೆಯ ದಿಕ್ಕಿನ ಬಳಿ. ದ್ವೀಪದ ಯಾವ ಬದಿಯಲ್ಲಿ ಮಳೆ ಹೆಚ್ಚು ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ “ಪಶ್ಚಿಮ” ಎಂದಿತು. ಆಗುಂಬೆ ಪಶ್ಚಿಮಕ್ಕಿದೆ, ಅಲ್ಲಿ ಮಳೆ. ನಾವು ಪೂರ್ವಕ್ಕಿದ್ದೇವೆ, ಇಲ್ಲಿ ಬರ. ಅವರು ಕಲಿತದ್ದು ಮಳೆನೆರಳಿನ ಕಾರಣವನ್ನಲ್ಲ, ದಿಕ್ಕಿನ ಹೆಸರನ್ನು. ರಿಯೂನಿಯನ್ನಿಗೆ ವಾಣಿಜ್ಯ ಮಾರುತ ಬೀಸುವುದು ಆಗ್ನೇಯದಿಂದ. ಆದ್ದರಿಂದ ಗಾಳಿಗೆ ಎದೆಯೊಡ್ಡಿದ ಪೂರ್ವದ ಇಳಿಜಾರುಗಳ ಕೆಲ ಭಾಗಗಳಲ್ಲಿ ವರ್ಷಕ್ಕೆ 10,000 ಮಿ.ಮೀ. ದಾಟಿ ಮಳೆ, ಪಶ್ಚಿಮ ಕರಾವಳಿಯಲ್ಲಿ ಹಲವೆಡೆ 1,000 ಮಿ.ಮೀ. ಕೂಡ ಇಲ್ಲ. ಒಬ್ಬ ಹುಡುಗಿ ಎದ್ದು, “ಅಂದ್ರ ಗಾಳಿ ಯಾ ಕಡಿಂದ ಬರ್ತೈತಿ ಅನ್ನೂದು ಮೊದ್ಲ ಕೇಳ್ಬೇಕು, ಅಲ್ರಿ?” ಎಂದಳು. ಪಾಠಯೋಜನೆಯ ನಿರ್ದಿಷ್ಟ ಉದ್ದೇಶಗಳಲ್ಲಿ ನಾನು ಐದು ಸಾಲಿನಲ್ಲಿ ಬರೆದಿದ್ದನ್ನು ಅವಳು ಒಂದು ಸಾಲಿನಲ್ಲಿ ಹೇಳಿದ್ದಳು.

ಇಲ್ಲಿ ಒಂದು ಲೆಕ್ಕ ಮಾಡಿಸಿದೆ. 1966ರ ಜನವರಿಯಲ್ಲಿ ಡೆನಿಸ್ ಎಂಬ ಚಂಡಮಾರುತ ಬಂದಾಗ ದ್ವೀಪದ ಫೋಕ್ ಫೋಕ್ ಎಂಬ ಎತ್ತರದ ಜಾಗದಲ್ಲಿ 24 ತಾಸಿಗೆ 1,825 ಮಿ.ಮೀ. ಮಳೆ ಸುರಿಯಿತು. ಇಂದಿಗೂ ಅದು ವಿಶ್ವದಾಖಲೆ. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅಂದರೆ ನಮ್ಮ ಮೂರು ವರ್ಷದ ಮಳೆ ಅಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ. ಶಾಲೆಯ ಮೈದಾನ 40 ಮೀ. ಉದ್ದ, 30 ಮೀ. ಅಗಲ ಎಂದಿಟ್ಟುಕೊಂಡು ಅದರ ಮೇಲೆ ಬಿದ್ದ ನೀರೆಷ್ಟು? 1,200 × 1.825 = 2,190 ಘನ ಮೀಟರ್, ಅಂದರೆ 21 ಲಕ್ಷ 90 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 438 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ಸಾಲು ನಿಲ್ಲುವ ಮಕ್ಕಳು ಇವರು. ಆ ಸಂಖ್ಯೆ ಕಪ್ಪುಹಲಗೆಯ ಮೇಲೆ ಬಂದಾಗ ಕೊಠಡಿಯಲ್ಲಿ ಸದ್ದಿರಲಿಲ್ಲ.

ಬಟ್ಟೆಯ ಪ್ರಶ್ನೆ ವಿಜ್ಞಾನದ್ದು. ಉಷ್ಣವಲಯ ಎಂದರೆ ಸೆಕೆ, ಆದ್ದರಿಂದ ಹತ್ತಿ ಬಟ್ಟೆ ಸಾಕು ಎಂದು ಎಲ್ಲರ ಪಟ್ಟಿಯಲ್ಲಿತ್ತು. ಮೇಲೇರಿದಂತೆ ಉಷ್ಣತೆ ಸರಾಸರಿ ಕಿಲೋಮೀಟರಿಗೆ 6.5° ಸೆಲ್ಸಿಯಸ್ ಇಳಿಯುತ್ತದೆಂಬುದು ಅವರಿಗೆ ಗೊತ್ತಿರುವ ಸಂಗತಿಯೇ. ಕರಾವಳಿಯಲ್ಲಿ 25° ಇದ್ದರೆ, ಜ್ವಾಲಾಮುಖಿ ನೋಡಲು ನಿಲ್ಲುವ 2,311 ಮೀ. ಎತ್ತರದ ಪಾ ದ ಬೆಲ್‌ಕೋಂಬ್ ಎಂಬಲ್ಲಿ? 2.311 × 6.5 ಸುಮಾರು 15. ಉಳಿಯುವುದು 10°, ಅದೂ ಮಧ್ಯಾಹ್ನದ ಲೆಕ್ಕ. ಸ್ವೆಟರ್ ಪಟ್ಟಿಗೆ ಸೇರಿತು. ಒಂದು ಗುಂಪು ಕಂಬಳಿಯನ್ನೂ ಸೇರಿಸಿತು.

ಎರಡನೆಯ ಅವಧಿ: ದಾರ ಮತ್ತು ತಾಸು

ದ್ವೀಪದ ಕರಾವಳಿ ಸುತ್ತು 200 ಕಿ.ಮೀ. ಆಸುಪಾಸು. ವಿಜಯಪುರದಿಂದ ಹುಬ್ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುತ್ತೇವೆ. ಹಾಗಿದ್ದರೆ ಏಳು ದಿನ ಯಾಕೆ, ಒಂದು ದಿನ ಸಾಕಲ್ಲ? ಮಕ್ಕಳು ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ನಕ್ಷೆಯ ನಡುವೆ ಇದೆ. ಪಿತೋ ದೆ ನೇಜ್‌ನ ಸುತ್ತ ಬೆಟ್ಟ ಕುಸಿದು, ಮಳೆನೀರು ಕೊರೆದು ಮೂರು ಭಾರಿ ಬಟ್ಟಲು ಕಣಿವೆಗಳಾಗಿವೆ: ವಾಯವ್ಯಕ್ಕೆ ಮಫಾತ್, ಈಶಾನ್ಯಕ್ಕೆ ಸಲಾಜಿ, ದಕ್ಷಿಣಕ್ಕೆ ಸಿಲಾವೋಸ್. ನಕ್ಷೆಯಲ್ಲಿ ನೋಡಿದರೆ ಮೂರೆಸಳಿನ ಬಿಲ್ವಪತ್ರೆ. ಆದರೆ ಒಂದು ಎಸಳಿನಿಂದ ಇನ್ನೊಂದಕ್ಕೆ ಗಾಡಿ ದಾರಿ ಇಲ್ಲ. ಪ್ರತಿ ಸಲವೂ ಕರಾವಳಿಗೆ ಇಳಿದು, ಸುತ್ತಿ, ಮತ್ತೆ ಹತ್ತಬೇಕು. ಮಫಾತ್‌ಗಂತೂ ರಸ್ತೆಯೇ ಇಲ್ಲ; ಅಲ್ಲಿ ನೂರಾರು ಜನ ಬದುಕುತ್ತಿದ್ದಾರೆ, ಕಾಲ್ನಡಿಗೆಯಲ್ಲಿ ಇಲ್ಲವೆ ಹೆಲಿಕಾಪ್ಟರಿನಲ್ಲಿ ಮಾತ್ರ ತಲುಪಬಹುದು. ಹಿಂದೆ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗಿದ್ದು ಇಂಥ ಕಣಿವೆಗಳಲ್ಲೇ.

ಸಿಲಾವೋಸ್‌ಗೆ ಸೇಂಟ್ ಲೂಯಿಯಿಂದ ಸುಮಾರು 35 ಕಿ.ಮೀ. ರಸ್ತೆ. ಅದಕ್ಕೆ ನಾನೂರು ತಿರುವಿನ ರಸ್ತೆ ಎಂದೇ ಹೆಸರು. ಭಾಗಿಸಿದರೆ ಸುಮಾರು 88 ಮೀಟರಿಗೊಂದು ತಿರುವು. ಮಕ್ಕಳು ದಾರವನ್ನು ನಕ್ಷೆಯ ರಸ್ತೆಯ ಮೇಲೆ ಬಾಗಿಸಿ ಬಾಗಿಸಿ ಇಟ್ಟು, ಆಮೇಲೆ ನೇರ ಎಳೆದು ಅಳತೆಪಟ್ಟಿಯಲ್ಲಿ ಅಳೆದರು. ನೇರ ದೂರಕ್ಕೂ ರಸ್ತೆಯ ದೂರಕ್ಕೂ ಅಂತರ ಕೈಗೇ ಸಿಕ್ಕಿತು.

ಆಮೇಲೆ ಕಾಲ. ಎಲ್ಲ ಗುಂಪುಗಳೂ ತಾಸಿಗೆ 50 ಕಿ.ಮೀ. ವೇಗ ಹಿಡಿದು 42 ನಿಮಿಷ ಎಂದು ಬರೆದವು. ಆಗ ಅಲ್ಲಿಯವರೆಗೆ ಬಾಯಿ ಬಿಡದಿದ್ದ ಒಬ್ಬ ಹುಡುಗ ಎದ್ದು ನಿಂತ. “ಘಾಟಿನ್ಯಾಗ ಹಂಗ ಹೋಗಂಗಿಲ್ರಿ ಟೀಚರ್. ನಾವು ಗೋವಾಕ್ಕ ಹೋಗಬೇಕಾದ್ರ ಗಾಡಿ ತಾಸಿಗೆ ಇಪ್ಪತ್ತು, ಇಪ್ಪತ್ತೈದೇ ಹೋಗೂದು. ಸಣ್ಣ ಹುಡುಗ್ರು ವಾಂತಿ ಮಾಡ್ಕೋತಾರ, ನಿಲ್ಲಿಸಬೇಕಾಗತೈತಿ. ಎದುರಿನ ಲಾರಿ ಬಂದ್ರ ಹಿಂದ ಸರೀಬೇಕು.” ವರ್ಷಕ್ಕೆ ಎರಡು ಮೂರು ತಿಂಗಳು ತಂದೆತಾಯಿಯ ಜೊತೆ ಗುಳೆ ಹೋಗುವ ಕಾರಣ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಖಾಲಿ ಮನೆಗಳೇ ಹೆಚ್ಚು. ಆ ತರಗತಿಯಲ್ಲಿ ಘಟ್ಟ ಇಳಿದು ಹತ್ತಿದವರು ಬೆರಳೆಣಿಕೆಯಷ್ಟು. ಅವನಷ್ಟು ಸಲ ಹತ್ತಿಳಿದವರು ಯಾರೂ ಇಲ್ಲ. ತಾಸಿಗೆ 25ರಂತೆ ಲೆಕ್ಕ ಮತ್ತೆ ಹಾಕಿದಾಗ 35 ಕಿ.ಮೀ.ಗೆ ಒಂದು ತಾಸು 24 ನಿಮಿಷ ಬಂತು. ಮೊದಲಿನ ಉತ್ತರದ ಎರಡು ಪಟ್ಟು. ಆ ಅವಧಿ ಮುಗಿಯುವವರೆಗೂ ಉಳಿದ ಗುಂಪಿನವರು ತಮ್ಮ ಹಾಳೆ ಹಿಡಿದು ಅವನ ಬೆಂಚಿಗೆ ಬರುತ್ತಿದ್ದರು: “ಇದಕ್ಕ ಎಷ್ಟ ತಾಸು ಹಿಡೀಲೋ?”

ಹೋಗಲಾರದ ಊರಿಗೆ ಯಾಕೆ ಯೋಜನೆ ಎಂದು ಹಿಂದಿನ ದಿನ ಕೇಳಿದವನು ಅವನ ಪಕ್ಕದಲ್ಲೇ ಕುಳಿತಿದ್ದ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಇದೇ ಅವಧಿಯಲ್ಲಿ ಸರಾಸರಿ ವೇಗದ ಹಳೆಯ ಗೊಂದಲವೂ ತಾನಾಗಿ ಬಂತು. ಕರಾವಳಿಯಲ್ಲಿ 30 ಕಿ.ಮೀ. ತಾಸಿಗೆ 60ರಂತೆ, ಘಟ್ಟದಲ್ಲಿ 30 ಕಿ.ಮೀ. ತಾಸಿಗೆ 20ರಂತೆ ಹೋದರೆ ಸರಾಸರಿ ಎಷ್ಟು? 60 ಮತ್ತು 20 ಕೂಡಿಸಿ ಅರ್ಧ ಮಾಡಿ 40 ಎನ್ನುವುದು ಸಹಜ. ಆದರೆ ಮೊದಲರ್ಧಕ್ಕೆ 30 ನಿಮಿಷ, ಎರಡನೆಯದಕ್ಕೆ 90 ನಿಮಿಷ. ಒಟ್ಟು 60 ಕಿ.ಮೀ.ಗೆ ಎರಡು ತಾಸು, ಸರಾಸರಿ 30. ಪಠ್ಯಪುಸ್ತಕದ ಅಭ್ಯಾಸದಲ್ಲಿ ಇದು ಒಂದು ಉಪಾಯದ ಲೆಕ್ಕ. ಇಲ್ಲಿ ತಪ್ಪಿದರೆ ಕತ್ತಲಲ್ಲಿ ಘಟ್ಟ ಹತ್ತಬೇಕಾಗುತ್ತದೆ.

ಮೂರನೆಯ ಅವಧಿ: ದಾರಿ ಕೂಡಿಸುವುದು

ವಿಮಾನ ಇಳಿಯುವುದು ಉತ್ತರ ತುದಿಯ ಸೇಂಟ್ ಡೆನಿಸ್‌ನಲ್ಲಿ. ಅಲ್ಲಿಂದ ಎಡಕ್ಕೋ ಬಲಕ್ಕೋ? ನಾಲ್ಕು ಗುಂಪು ಪಶ್ಚಿಮದಿಂದ ಆರಂಭಿಸಿ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತಲು ತೀರ್ಮಾನಿಸಿದವು. ಪ್ರಯಾಣದ ದಣಿವಿರುವಾಗ ಒಣ ಹವೆಯ, ಸಮತಟ್ಟು ರಸ್ತೆಯ ಕಡೆ ಮೊದಲು ಎಂಬ ಕಾರಣಕ್ಕೆ. ಪಶ್ಚಿಮ ಕರಾವಳಿಯ ಸೇಂಟ್ ಗಿಲ್ಸ್ ಬಳಿ ಹವಳದ ದಿಬ್ಬ ಅಲೆಗಳನ್ನು ತಡೆದು ನಿಂತಿರುವುದರಿಂದ ಒಳಗಿನ ನೀರು ಆಳವಿಲ್ಲದೆ ಶಾಂತ. ದಿಬ್ಬದ ಆಚೆಗೆ ಶಾರ್ಕ್ ಅಪಾಯವಿರುವುದರಿಂದ ದ್ವೀಪದಲ್ಲಿ ಸಮುದ್ರಕ್ಕಿಳಿಯಲು ನಿರ್ಬಂಧಗಳಿವೆ. ಮೊದಲ ದಿನ ವಿಶ್ರಾಂತಿ.

ಎರಡನೆಯ ದಿನ ಮಾಯ್ದೋ ಎಂಬ ಅಂಚು, ಸುಮಾರು 2,200 ಮೀ. ಎತ್ತರ. ಅಲ್ಲಿಂದ ಮಫಾತ್ ಕಣಿವೆಯನ್ನು ಕಾಲ ಕೆಳಗೆ ನೋಡಬಹುದು. ಯಾವಾಗ ಹೋಗಬೇಕು? ಬೆಳಿಗ್ಗೆ ಬಿಸಿಲು ಬಿದ್ದಂತೆ ಇಳಿಜಾರಿನ ತೇವದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ತಣಿದು ಮೋಡವಾಗುತ್ತದೆ. ಹೊತ್ತು ಏರಿದಂತೆ ಕಣಿವೆ ಮುಚ್ಚಿಕೊಳ್ಳುವುದು ಅಲ್ಲಿ ದಿನದ ವಾಡಿಕೆ. ಆದ್ದರಿಂದ ಸೂರ್ಯೋದಯಕ್ಕೆ ಅಲ್ಲಿರಬೇಕು, ಸಮುದ್ರ ಮಧ್ಯಾಹ್ನಕ್ಕಿರಲಿ. ಬೆಟ್ಟ ಬೆಳಿಗ್ಗೆ, ಕಡಲು ಮಧ್ಯಾಹ್ನ ಎಂಬ ಈ ಸೂತ್ರ ಸಿಕ್ಕ ಮೇಲೆ ಉಳಿದ ದಿನಗಳು ಬೇಗ ಬೇಗ ತುಂಬಿದವು. ಮೂರನೆಯ ದಿನ ಸಿಲಾವೋಸ್, ರಾತ್ರಿ ಅಲ್ಲೇ ವಾಸ. ನಾಲ್ಕನೆಯ ದಿನ ಇಳಿದು, ಎರಡು ಪರ್ವತಗಳ ನಡುವಿನ ಎತ್ತರದ ಬಯಲಿನ ಬೂರ್ ಮ್ಯುರಾ ಊರಿಗೆ. ಅಲ್ಲಿ ಜ್ವಾಲಾಮುಖಿ ವಸ್ತುಸಂಗ್ರಹಾಲಯವೂ ವೀಕ್ಷಣಾಲಯವೂ ಇವೆ. ಊಟದ ಬಗ್ಗೆ ಯಾರೂ ಚಿಂತಿಸಲಿಲ್ಲ. ಸಿಲಾವೋಸ್‌ನಲ್ಲಿ ಬೇಳೆಕಾಳು ಬೆಳೆಯುತ್ತಾರೆ, ಅನ್ನ, ಕಾಳು, ಸಾರಿನಂಥ ‘ಕಾರಿ’ ಅಲ್ಲಿನವರ ದಿನದ ಊಟ ಎಂದೆ. ಆದರೂ ಎರಡು ಗುಂಪು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡವು.

ಐದನೆಯ ದಿನಕ್ಕೆ ಸ್ವಲ್ಪ ಪ್ರಯೋಗ ಬೇಕಾಯಿತು. ಉಕ್ಕುವ ಜ್ವಾಲಾಮುಖಿಯ ಹತ್ತಿರ ಜನ ಹೇಗೆ ಹೋಗುತ್ತಾರೆ? ಎರಡು ತಟ್ಟೆಗಳ ನಡುವೆ ಒಂದರಲ್ಲಿ ತೆಳು ಬೆಲ್ಲದ ಪಾಕ, ಇನ್ನೊಂದರಲ್ಲಿ ದಪ್ಪ ಗಂಜಿ ಸುರಿಯಿಸಿದೆ. ಪಾಕ ತೆಳ್ಳಗೆ ಹರಡಿತು. ಗಂಜಿ ಗುಪ್ಪೆಯಾಗಿ ನಿಂತು ಗುಳ್ಳೆಗಳನ್ನು ಒಳಗೇ ಹಿಡಿದಿಟ್ಟುಕೊಂಡಿತು. ಫೂರ್ನೇಸ್‌ನ ಲಾವಾ ಪಾಕದ ಜಾತಿ. ಸಿಲಿಕಾ ಕಡಿಮೆ ಇರುವ ಬಸಾಲ್ಟ್, ಸ್ನಿಗ್ಧತೆ ಕಡಿಮೆ, ಅನಿಲ ಸುಲಭವಾಗಿ ಪಾರಾಗುತ್ತದೆ, ಸಿಡಿಯುವುದಕ್ಕಿಂತ ಹರಿಯುವುದೇ ಹೆಚ್ಚು. ಹಾಗೆಂದು ನಿರಪಾಯವಲ್ಲ. ಉಕ್ಕು ಆರಂಭವಾದರೆ ಕುಂಡದೊಳಗಿನ ಕಾಲುದಾರಿಯನ್ನು ಮುಚ್ಚುತ್ತಾರೆ.

ಆ ದಾರಿ ಮುಚ್ಚಿದ್ದರೆ ನಮ್ಮ ಐದನೆಯ ದಿನದ ಗತಿ? ಇಲ್ಲಿಯವರೆಗೆ ಎಲ್ಲರ ಹಾಳೆಗಳೂ ಭರ್ತಿಯಾಗಿ, ನೋಡಲು ಚೆಂದವಾಗಿದ್ದವು. ಪ್ರತಿ ದಿನಕ್ಕೂ ‘ಇಲ್ಲದಿದ್ದರೆ’ ಎಂಬ ಇನ್ನೊಂದು ಸಾಲು ಬರೆಯಲು ಹೇಳಿದೆ. ಮೋಡ ಕವಿದಿದ್ದರೆ? ಗುಡ್ಡ ಜರಿದು ರಸ್ತೆ ಬಂದಾದರೆ? ಒಂದು ಗುಂಪು ತನ್ನ ಹಾಳೆಯಲ್ಲಿ ಏಳನೆಯ ದಿನಕ್ಕೆ ಇಟ್ಟಿದ್ದ ಸಲಾಜಿ ಕಣಿವೆಯ ಮುಂದೆ ನಿಂತಿತು. ಅದು ಮಳೆಯ ಬದಿಯ ಕಣಿವೆ. ಹತ್ತಲೂ ಇಳಿಯಲೂ ಒಂದೇ ರಸ್ತೆ. ಅದೇ ಸಂಜೆ ವಿಮಾನ. “ತಿರುಗಿ ಬರಾಕ ಆಗದಿದ್ದ ದಾರಿ ಕಡೀ ದಿನ ಇಡಬಾರದು” ಎಂದು ಅವರೇ ಬರೆದುಕೊಂಡರು. ಕೊನೆಗೆ ಅವರ ತೀರ್ಮಾನ: ಆರನೆಯ ರಾತ್ರಿ ಪೂರ್ವದ ಸೇಂಟ್ ಆಂದ್ರೆಯಲ್ಲಿ ತಂಗುವುದು, ಏಳನೆಯ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಮಾತ್ರ ಸಲಾಜಿಯ ಜಲಪಾತಗಳವರೆಗೆ ಹೋಗಿ ಮಧ್ಯಾಹ್ನದೊಳಗೆ ಇಳಿಯುವುದು, ಇಲ್ಲದಿದ್ದರೆ ನೇರ ಸೇಂಟ್ ಡೆನಿಸ್. ನನ್ನ ದೃಷ್ಟಿಯಲ್ಲಿ ಆರು ಯೋಜನೆಗಳಲ್ಲಿ ಇದೇ ಉತ್ತಮ. ನೋಡುವ ಜಾಗಗಳು ಇದರಲ್ಲೇ ಅತಿ ಕಡಿಮೆ.

ಆರನೆಯ ದಿನದ ದಾರಿ ಹೇಳದೆ ಬಿಡಲಾಗದು. ದಕ್ಷಿಣದ ಸೇಂಟ್ ಫಿಲಿಪ್‌ನಿಂದ ಪೂರ್ವದ ಸೇಂಟ್ ರೋಸ್‌ವರೆಗಿನ ಕರಾವಳಿ ರಸ್ತೆ ಲಾವಾ ಹರಿವುಗಳನ್ನು ಒಂದಾದ ಮೇಲೊಂದರಂತೆ ದಾಟುತ್ತದೆ. 2007ರ ಏಪ್ರಿಲ್‌ನಲ್ಲಿ ಹರಿದ ಲಾವಾ ಈ ರಸ್ತೆಯನ್ನೇ ಮುಚ್ಚಿ ಸಮುದ್ರ ಸೇರಿ ಹೊಸ ನೆಲ ಮಾಡಿತು; ಮೇಲೆ ಶಿಖರದ ಕುಂಡ 300 ಮೀಟರಿಗೂ ಆಳಕ್ಕೆ ಕುಸಿಯಿತು. 1977ರಲ್ಲಿ ಲಾವಾ ಪಿತೋ ಸೇಂಟ್ ರೋಸ್ ಎಂಬ ಹಳ್ಳಿಗೇ ನುಗ್ಗಿ ಮನೆಗಳನ್ನು ಸುಟ್ಟಿತು. ಅಲ್ಲಿನ ಚರ್ಚನ್ನು ಬಳಸಿ ಹರಿದು ಬಾಗಿಲಲ್ಲೇ ನಿಂತಿತು. ವೀಕ್ಷಣಾಲಯ ಸ್ಥಾಪನೆಯಾದದ್ದು ಆ ಅನಾಹುತದ ನಂತರ.

ಹೊಸ ಲಾವಾದ ಮೇಲೆ ಮೊದಲು ಕಲ್ಲುಹೂವು, ಆಮೇಲೆ ಜರೀಗಿಡ. ಹಳೆಯ ಲಾವಾದ ಮೇಲೆ ಕಾಡು. ಅದರಾಚೆ ವೆನಿಲ್ಲಾ ಬಳ್ಳಿ. ವೆನಿಲ್ಲಾ ಮೆಕ್ಸಿಕೊ ಕಡೆಯ ಆರ್ಕಿಡ್. ದ್ವೀಪಕ್ಕೆ ತಂದಾಗ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ, ಅದರ ಪರಾಗಸ್ಪರ್ಶ ಮಾಡುವ ಕೀಟ ಇಲ್ಲಿರಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಹೂವಿನ ಪರದೆ ಸರಿಸಿ ಪರಾಗವನ್ನು ಶಲಾಕಾಗ್ರಕ್ಕೆ ಒತ್ತುವ ಸುಲಭ ವಿಧಾನ ಕಂಡುಹಿಡಿದ. ಜಗತ್ತಿನ ವೆನಿಲ್ಲಾ ಕೃಷಿ ಆ ಕೈಚಳಕದ ಮೇಲೆ ನಿಂತಿದೆ. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ಬೆಳೆದವರೂ ಹೂಗಳನ್ನು ಒಂದೊಂದಾಗಿ ಹಾಗೆಯೇ ಮುಟ್ಟಿದರು. 1848ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಅವನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು, ಹಣ ಸಿಗಲಿಲ್ಲ; 1880ರಲ್ಲಿ ಬಡತನದಲ್ಲೇ ತೀರಿಕೊಂಡ. ಗುಲಾಮರ ಜಾಗಕ್ಕೆ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಭಾರತದಿಂದ, ಹೆಚ್ಚಾಗಿ ತಮಿಳು ನಾಡಿನ ಕಡೆಯಿಂದ, ಜನ ಹೋದರು. ಸೇಂಟ್ ಆಂದ್ರೆಯ ದೇವಾಲಯಗಳು ಅವರ ವಂಶದವರವು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವುದೆಂದರೇನು ಎಂದು ಈ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ನಾಲ್ಕನೆಯ ಅವಧಿ: ಹೊಲದ ಕಲ್ಲು

ಎಲ್ಲರೂ ಹೊಲದಿಂದ ಒಂದೊಂದು ಕಪ್ಪು ಕಲ್ಲು ತಂದಿದ್ದರು. ಕಮಾನು ತಕ್ಕಡಿಯಲ್ಲಿ ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ ಸಾಪೇಕ್ಷ ಸಾಂದ್ರತೆ ಕಂಡುಹಿಡಿದೆವು. ಗಟ್ಟಿ ಕಲ್ಲುಗಳಿಗೆ 2.8ರ ಆಸುಪಾಸು ಬಂತು, ತೂತುಗಳಿದ್ದವಕ್ಕೆ ಕಡಿಮೆ. ಬಸಾಲ್ಟ್‌ನ ಸಾಂದ್ರತೆ ಅದೇ. ಗೋಳಗುಮ್ಮಟ ಕಟ್ಟಿದ ಕಲ್ಲೂ ಅದೇ. ತೂತುಗಳು ಲಾವಾ ಆರುವಾಗ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು.

ಆಗ ಕಾರಣ ಹೇಳಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭಾರತದ ಭೂಫಲಕ ದಕ್ಷಿಣಾರ್ಧಗೋಳದಲ್ಲಿ, ಭೂಮಿಯ ಆಳದ ಒಂದು ಬಿಸಿತಾಣದ ಮೇಲಿತ್ತು. ಆಗ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ದಖ್ಖನ್ ಪ್ರಸ್ಥಭೂಮಿಯಾಯಿತು. ಅದು ಶಿಥಿಲವಾಗಿ ನಮ್ಮ ಎರೆಮಣ್ಣು. ಫಲಕ ಉತ್ತರಕ್ಕೆ ಸರಿಯಿತು, ಬಿಸಿತಾಣ ಹೆಚ್ಚುಕಡಿಮೆ ಅಲ್ಲೇ ಉಳಿಯಿತು, ದಾರಿಯುದ್ದಕ್ಕೂ ಸಮುದ್ರತಳದಲ್ಲಿ ಬರೆ ಎಳೆಯಿತು: ಲಕ್ಷದ್ವೀಪ, ಮಾಲ್ಡೀವ್ಸ್ ನಿಂತಿರುವ ದಿಣ್ಣೆ, ಆಮೇಲೆ ಮಾರಿಷಸ್, ಕೊನೆಗೆ ರಿಯೂನಿಯನ್. ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ವಿವರಣೆ ಇದು. ಫೂರ್ನೇಸ್ ಇಂದು ಉಕ್ಕಿಸುತ್ತಿರುವುದು ನಮ್ಮ ಹೊಲಕ್ಕೆ ಕಲ್ಲು ಕೊಟ್ಟ ಅದೇ ಒಲೆಯ ಲಾವಾ.

ಲೆಕ್ಕ: ಅಲ್ಲಿ 21° ದಕ್ಷಿಣ, ಇಲ್ಲಿ ಸುಮಾರು 17° ಉತ್ತರ, 38 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ಯಂತೆ 4,218 ಕಿ.ಮೀ. ಇದನ್ನು 6.6 ಕೋಟಿ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 6.4 ಸೆಂ.ಮೀ.; ಬೆರಳಿನ ಉಗುರು ಬೆಳೆಯುವುದಕ್ಕಿಂತ ತುಸು ಜೋರು. ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು ವೇಗ ಇನ್ನೂ ಹೆಚ್ಚಿತ್ತು, ಆಮೇಲೆ ತಗ್ಗಿತು. ಹಿಂದಿನ ಅವಧಿಯ ಸರಾಸರಿ ವೇಗದ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. “ಅಂದ್ರ ನಾವ ಅಲ್ಲಿಂದ ಬಂದೇವಿ” ಎಂದ ಘಟ್ಟದ ಹುಡುಗ. ನಾವಲ್ಲ, ನೆಲ ಎಂದು ಇನ್ನೊಬ್ಬಳು ತಿದ್ದಿದಳು. ಇಬ್ಬರ ವಾದ ಗಂಟೆ ಹೊಡೆದ ಮೇಲೂ ನಡೆದಿತ್ತು.

ಮೌಲ್ಯಮಾಪನ ಮತ್ತು ಗೃಹಪಾಠ

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಇದು ಯಾವ ವಿಷಯದ ಪಾಠ, ಯಾವ ಪುಸ್ತಕದಲ್ಲಿ ದಾಖಲಿಸುವುದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡನೆಯ ಅವಧಿಯನ್ನು ಗಣಿತದಲ್ಲಿ, ನಾಲ್ಕನೆಯದನ್ನು ವಿಜ್ಞಾನದಲ್ಲಿ ದಾಖಲಿಸಿ, ಉಳಿದೆರಡನ್ನು ಸಮಾಜ ವಿಜ್ಞಾನದ ಶಿಕ್ಷಕರ ಒಪ್ಪಿಗೆಯಿಂದ ಅವರ ಅವಧಿಯಲ್ಲೇ ತೆಗೆದುಕೊಂಡಿದ್ದೆ. ಅಂಕಗಳನ್ನು ‘ಏಕೆಂದರೆ’ ಮತ್ತು ‘ಇಲ್ಲದಿದ್ದರೆ’ ಕಂಬಗಳಿಗೆ ಮಾತ್ರ ಕೊಟ್ಟೆ. ಚಾರ್ಟಿನ ಅಂದಕ್ಕೆ ಅಂಕವಿಲ್ಲ ಎಂದು ಮೊದಲೇ ಹೇಳಿದ್ದೆ. ಎರಡು ಪ್ರಶ್ನೆ ಮನೆಗೆ: ಅಕ್ಟೋಬರಿನ ಮಧ್ಯಾಹ್ನ ರಿಯೂನಿಯನ್ನಿನಲ್ಲಿ ನಿಮ್ಮ ನೆರಳು ಯಾವ ದಿಕ್ಕಿಗೆ ಬೀಳುತ್ತದೆ, ನಮ್ಮ ಅಂಗಳದಲ್ಲಿ ಯಾವ ದಿಕ್ಕಿಗೆ? ರಿಯೂನಿಯನ್ನಿನ ಮಗುವೊಂದು ವಿಜಯಪುರ ಜಿಲ್ಲೆಗೆ ಏಳು ದಿನ ಬಂದರೆ ಯಾವ ತಿಂಗಳು ಕರೆಯುವಿರಿ, ಏಕೆ?

ಈ ಪಾಠ ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ. ಬೆಳಗಾವಿ, ಬೀದರ್, ಕಲಬುರಗಿ ಜಿಲ್ಲೆಗಳ ಎರೆಭೂಮಿಯ ಶಾಲೆಗಳಲ್ಲಿ ನಾಲ್ಕನೆಯ ಅವಧಿ ಹೀಗೆಯೇ ನಡೆದೀತು. ತುಮಕೂರು, ಕೋಲಾರದ ಕಡೆ ಹೊಲದಲ್ಲಿ ಸಿಗುವುದು ಗ್ರಾನೈಟ್, ನೈಸ್ ಶಿಲೆ. ಅದು ಇನ್ನೂ ಎಷ್ಟೋ ಹಳೆಯದು, ಅದರ ಕಥೆಯೇ ಬೇರೆ. ಅಲ್ಲಿ ಕಲ್ಲಿನ ಭಾಗ ಬಿಟ್ಟು ಮಳೆಯ ದಿಕ್ಕಿನಿಂದ ಆರಂಭಿಸಿ. ಮಲೆನಾಡಿನ ಶಾಲೆಯಾದರೆ ವೆನಿಲ್ಲಾ ಹೂವಿನಿಂದ. ದಾರ ಮಾತ್ರ ಹತ್ತಿಯದೇ ಇರಲಿ. ನೈಲಾನ್ ದಾರ ತಿರುವುಗಳಲ್ಲಿ ನಿಲ್ಲುವುದಿಲ್ಲ.